ಬಣ್ಣದ ಲೆಕ್ಕ: ಚದರ ಅಡಿ ಎಂದರೆ ಯಾವ ಅಡಿ?

ಮಳೆಗಾಲ ಮುಗಿದು ದೀಪಾವಳಿ ಹತ್ತಿರ ಬಂದಿತೆಂದರೆ ನಮ್ಮ ಕಾರ್ಯಕ್ರಮಕ್ಕೆ ಒಂದೇ ಬಗೆಯ ಪತ್ರಗಳು, ಒಂದೇ ಬಗೆಯ ದೂರವಾಣಿ ಕರೆಗಳು ಬರತೊಡಗುತ್ತವೆ. ‘ಒಂಬತ್ತು ಚದರದ ಮನೆ, ಬಣ್ಣ ಹೊಡೆಸಲು ಎಷ್ಟಾಗುತ್ತದೆ ಸಾರ್?’ ಸ್ಟುಡಿಯೋದಲ್ಲಿ ಕುಳಿತ ತಜ್ಞರು ನನ್ನತ್ತ ನೋಡುತ್ತಾರೆ, ನಾನು ಗಡಿಯಾರದತ್ತ ನೋಡುತ್ತೇನೆ. ಉತ್ತರಕ್ಕೆ ಉಳಿದಿರುವುದು ನಲವತ್ತು ಸೆಕೆಂಡು. ‘ಅದು ಗೋಡೆಯ ಸ್ಥಿತಿಯನ್ನು ಅವಲಂಬಿಸಿರುತ್ತದೆ’ ಎಂದು ಅವರು ಹೇಳಿ ಮುಗಿಸುತ್ತಾರೆ. ಆ ಮಾತು ಸುಳ್ಳಲ್ಲ. ಆದರೆ ಕೇಳಿದವರ ಕೈಗೆ ಅದರಿಂದ ಏನೂ ಸಿಗುವುದಿಲ್ಲ. ಪರದೆಯ ಮೇಲೆ ಆಗದ ಲೆಕ್ಕವನ್ನು ಈ ಪುಟಗಳಲ್ಲಿ ಸಾವಧಾನವಾಗಿ ಮಾಡೋಣ.

ಮೊದಲು ನಮ್ಮ ಮನೆಯಲ್ಲೇ ಆದ ಒಂದು ಪ್ರಸಂಗ ಹೇಳಿಬಿಡುತ್ತೇನೆ. 2019ರಲ್ಲಿ ತುಮಕೂರಿನಲ್ಲಿ ನನ್ನ ತಂಗಿಯ ಮದುವೆ ಗೊತ್ತಾಯಿತು. ಮನೆಗೆ ಬಣ್ಣ ಹೊಡೆಸಬೇಕು. ಅಪ್ಪ ನಿವೃತ್ತ ಪ್ರೌಢಶಾಲಾ ಶಿಕ್ಷಕರು, ಗಣಿತದ ಮೇಷ್ಟ್ರು. ಮೇಸ್ತ್ರಿ ಬಂದು ಮನೆಯೆಲ್ಲ ಸುತ್ತಾಡಿ ‘ಚದರ ಅಡಿಗೆ ಇಪ್ಪತ್ತು ರೂಪಾಯಿ ಕೊಡಿ ಮೇಷ್ಟ್ರೇ, ಸಾಮಾನು ಸಮೇತ’ ಎಂದರು. ಒಂಬತ್ತು ಚದರ ಎಂದರೆ 900 ಚದರ ಅಡಿ. ಇಪ್ಪತ್ತರಿಂದ ಗುಣಿಸಿದರೆ 18,000. ಅಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿ, ಬಾಗಿಲು ಕಿಟಕಿಗೂ ಇರಲೆಂದು 25,000 ತೆಗೆದಿಟ್ಟರು. ಹಳೆಯ ಬಣ್ಣ ಕೆರೆದು ಅರ್ಧ ಮನೆಗೆ ಪಟ್ಟಿ ಹಾಕಿದ ಮೇಲೆ ಮೇಸ್ತ್ರಿ ಎರಡನೇ ಕಂತು ಕೇಳಿದಾಗ ವಿಷಯ ಹೊರಬಿತ್ತು. ಅವರು ಹೇಳಿದ ಇಪ್ಪತ್ತು ರೂಪಾಯಿ ನೆಲದ ಅಡಿಗಲ್ಲ, ಗೋಡೆಯ ಅಡಿಗೆ. ಅವರ ಅಳತೆಯಲ್ಲಿ ಅದು 2,850 ಚದರ ಅಡಿ, ಅಂದರೆ 57,000 ರೂಪಾಯಿ.

ಜಗಳವಾಯಿತು. ಮೋಸ ಎಂದರು ಅಪ್ಪ. ‘ಊರಲ್ಲೆಲ್ಲ ಹೀಗೇ ಅಳೆಯೋದು, ಯಾರನ್ನಾದರೂ ಕೇಳಿ’ ಎಂದರು ಮೇಸ್ತ್ರಿ. ನಾನು ಬೆಂಗಳೂರಿನಿಂದ ಹೋಗಿ ಟೇಪು ಹಿಡಿದು ಅಳೆದೆ. 2,790 ಬಂತು. 2,800ಕ್ಕೆ ರಾಜಿಯಾಗಿ 56,000 ಕೊಟ್ಟೆವು. ಮದುವೆಗೆಂದು ಇಟ್ಟಿದ್ದ ಅಂಚೆ ಕಚೇರಿಯ ಠೇವಣಿಯೊಂದನ್ನು ಅವಧಿಗೆ ಮುಂಚೆಯೇ ಮುರಿಯಬೇಕಾಯಿತು. ಮೇಸ್ತ್ರಿ ಮೋಸ ಮಾಡಿರಲಿಲ್ಲ, ಅಪ್ಪನೂ ಲೆಕ್ಕ ತಪ್ಪಿರಲಿಲ್ಲ. ಇಬ್ಬರೂ ‘ಚದರ ಅಡಿ’ ಎಂದೇ ಹೇಳಿದ್ದರು, ಆದರೆ ಇಬ್ಬರ ಅಡಿ ಬೇರೆ ಬೇರೆಯಾಗಿತ್ತು. ಮೂವತ್ತು ವರ್ಷ ಮಕ್ಕಳಿಗೆ ‘ನಾಲ್ಕು ಗೋಡೆಗಳ ವಿಸ್ತೀರ್ಣ’ ಕಲಿಸಿದವರು ತಮ್ಮ ಮನೆಯ ಗೋಡೆಗೆ ಅದನ್ನು ಹಾಕಿ ನೋಡಿರಲಿಲ್ಲ ಎಂಬುದನ್ನು ತಂಗಿ ಇಂದಿಗೂ ನೆನಪಿಸುತ್ತಾಳೆ.

ಆ ಸೂತ್ರ ನಿಮಗೂ ನೆನಪಿರಬೇಕು. ಉದ್ದ ಅಗಲಗಳನ್ನು ಕೂಡಿಸಿ, ಎರಡರಿಂದ ಗುಣಿಸಿ, ಎತ್ತರದಿಂದ ಗುಣಿಸುವುದು. 12 ಅಡಿಗೆ 10 ಅಡಿಯ, 10 ಅಡಿ ಎತ್ತರದ ಒಂದು ಕೋಣೆ ಇದೆ ಎನ್ನೋಣ. ನಾಲ್ಕು ಗೋಡೆ ಸೇರಿ 440 ಚದರ ಅಡಿ. ತಾರಸಿಯ ಒಳಮೈ 120. ಒಟ್ಟು 560. ಮೂರಕ್ಕೆ ಏಳರ ಒಂದು ಬಾಗಿಲು, ನಾಲ್ಕಕ್ಕೆ ನಾಲ್ಕರ ಎರಡು ಕಿಟಕಿ ಕಳೆದರೆ 507. ನೆಲ 120 ಅಡಿ, ಬಣ್ಣ ಬಳಿಯುವ ಮೈ 507 ಅಡಿ! ಚಿಕ್ಕ ಕೋಣೆಯಾದಷ್ಟೂ ಈ ಅನುಪಾತ ಹೆಚ್ಚು, ದೊಡ್ಡ ಹಜಾರವಾದರೆ ಕಡಿಮೆ. ಅಡುಗೆಮನೆ, ಬಚ್ಚಲುಮನೆಗಳಲ್ಲಿ ಟೈಲ್ಸ್ ಇರುವಷ್ಟು ಭಾಗ ಬಿಟ್ಟುಹೋಗುತ್ತದೆ. ಇಡೀ ಮನೆಗೆ ಸರಾಸರಿ ನೋಡಿದರೆ ಒಳಗೋಡೆ ಮತ್ತು ತಾರಸಿ ಸೇರಿ ಕಟ್ಟಡದ ವಿಸ್ತೀರ್ಣದ ಮೂರರಿಂದ ಮೂರೂವರೆ ಪಟ್ಟು ಆಗುತ್ತದೆಂಬುದು ಈ ಕಸುಬಿನವರ ಅಂದಾಜು. 900 ಅಡಿಯ ಮನೆಗೆ 2,700ರಿಂದ 3,150. ನಮ್ಮ ಮನೆಯ 2,800 ಇದರೊಳಗೇ ಬಂತು. ಈ ಅಂದಾಜನ್ನು ನಂಬಿ ಹಣ ಕೊಡಬೇಡಿ, ಮೇಸ್ತ್ರಿಯ ಅಳತೆ ಸರಿಯೇ ಎಂದು ಪರೀಕ್ಷಿಸಲು ಮಾತ್ರ ಬಳಸಿ. ಒಂದು ಭಾನುವಾರ ಬೆಳಿಗ್ಗೆ ಟೇಪು ಹಿಡಿದರೆ ಮನೆ ಅಳೆದು ಮುಗಿಯುತ್ತದೆ.

ಬಾಗಿಲು ಕಿಟಕಿಯ ಜಾಗ ಕಳೆಯಬೇಕೋ ಬೇಡವೋ ಎಂಬುದು ಇನ್ನೊಂದು ತಕರಾರು. ಇದಕ್ಕೆ ಭಾರತೀಯ ಮಾನಕ ಸಂಸ್ಥೆಯ ನಿಯಮವೇ ಇದೆ, ಐಎಸ್ 1200 ಎಂಬ ಮಾನಕದಲ್ಲಿ. ಅರ್ಧ ಚದರ ಮೀಟರಿಗಿಂತ, ಅಂದರೆ ಸುಮಾರು ಐದೂವರೆ ಚದರ ಅಡಿಗಿಂತ, ಚಿಕ್ಕ ಕಿಂಡಿಗಳನ್ನು ಕಳೆಯುವಂತಿಲ್ಲ. ಅಲ್ಲಿಂದ ಮೂರು ಚದರ ಮೀಟರಿನವರೆಗಿನ, ಅಂದರೆ ಸುಮಾರು 32 ಚದರ ಅಡಿಯವರೆಗಿನ ತೆರವುಗಳಿಗೆ, ಗೋಡೆಯ ಎರಡೂ ಮೈಗೆ ಬಣ್ಣ ಬಳಿಯುವುದಾದರೆ ಒಂದು ಮೈಯಲ್ಲಿ ಮಾತ್ರ ಕಳೆಯಬೇಕು. ಸಾಮಾನ್ಯ ಬಾಗಿಲು ಕಿಟಕಿಗಳೆಲ್ಲ ಬರುವುದು ಈ ಗುಂಪಿನಲ್ಲೇ. ಇನ್ನೊಂದು ಮೈಯಲ್ಲಿ ಕಳೆಯದೆ ಬಿಟ್ಟದ್ದು ತೆರವಿನ ಒಳಬದಿಗಳಿಗೆ ಬಳಿದ ಬಣ್ಣಕ್ಕೆ ಸಮ ಎಂಬ ಲೆಕ್ಕ. ಹಾಗಾಗಿ ನಿಮ್ಮ ಮೇಸ್ತ್ರಿ ಒಂದು ಕಡೆ ಬಾಗಿಲನ್ನು ಕಳೆದು ಇನ್ನೊಂದು ಕಡೆ ಕಳೆಯದಿದ್ದರೆ ಸಿಟ್ಟಾಗಬೇಡಿ. ಎರಡೂ ಕಡೆ ಕಳೆಯದಿದ್ದರೆ ಕೇಳಿ. ಬಾಗಿಲಿನ ಮರಕ್ಕೆ ಬಳಿಯುವ ಎನಾಮೆಲ್ ಬೇರೆಯೇ ಬಾಬತ್ತು. ಹಲಗೆ ಕೂರಿಸಿದ ಬಾಗಿಲಿನಲ್ಲಿ ಉಬ್ಬುತಗ್ಗು ಇರುವುದರಿಂದ ಪ್ರತಿ ಮೈಯ ಅಳತೆಯನ್ನು 1.3ರಿಂದ ಗುಣಿಸುತ್ತಾರೆ. ಇದೂ ಮಾನಕದಲ್ಲಿರುವುದೇ.

ಇನ್ನು ದರ. 2025ರ ಸುಮಾರಿಗೆ ಬೆಂಗಳೂರಿನಲ್ಲಿ, ಸಾಮಾನು ಮತ್ತು ಕೂಲಿ ಸೇರಿ, ಗೋಡೆಯ ಚದರ ಅಡಿಗೆ ನಾನು ಕಂಡಿರುವ ದರಗಳನ್ನು ಅಂದಾಜಾಗಿ ಹೇಳುತ್ತೇನೆ. ಚೆನ್ನಾಗಿರುವ ಹಳೆಯ ಗೋಡೆಗೆ ಡಿಸ್ಟೆಂಪರ್ ಎರಡು ಕೋಟು ಎಂದರೆ ಎಂಟರಿಂದ ಹನ್ನೆರಡು ರೂಪಾಯಿ. ಅದೇ ಗೋಡೆಗೆ ಅಲ್ಲಲ್ಲಿ ಪಟ್ಟಿ ತೇಪೆ ಹಾಕಿ ಎಮಲ್ಷನ್ ಎರಡು ಕೋಟು ಎಂದರೆ ಹನ್ನೆರಡರಿಂದ ಇಪ್ಪತ್ತು. ಹೊಸ ಗಾರೆಗೆ ಎರಡು ಸಲ ಪಟ್ಟಿ, ಪ್ರೈಮರ್, ಉತ್ತಮ ಎಮಲ್ಷನ್ ಎರಡು ಕೋಟು ಎಂದರೆ ಇಪ್ಪತ್ತನಾಲ್ಕರಿಂದ ಮೂವತ್ತೈದು. ಹೊರಗೋಡೆಗೆ ಹದಿನೈದರಿಂದ ಇಪ್ಪತ್ತೈದು, ಮಹಡಿ ಏರಿದಂತೆ ಸಾರುವೆ ಕಟ್ಟುವ ಖರ್ಚು ಪ್ರತ್ಯೇಕ. ಚಿಕ್ಕ ಊರುಗಳಲ್ಲಿ ಕೂಲಿ ಕಡಿಮೆಯಿರುವುದರಿಂದ ಒಟ್ಟು ದರವೂ ಸ್ವಲ್ಪ ಇಳಿಯುತ್ತದೆ.

ಈ ದರದೊಳಗೆ ಏನೇನಿದೆ ಎಂದು ಬಿಡಿಸಿ ನೋಡಿದರೆ ಒಂದು ಅಚ್ಚರಿ ಕಾದಿದೆ. ನಮ್ಮ 2,800 ಅಡಿಯನ್ನೇ ತೆಗೆದುಕೊಳ್ಳಿ. ನುಣುಪಾದ ಗೋಡೆಯ ಮೇಲೆ ಒಂದು ಲೀಟರ್ ಎಮಲ್ಷನ್ ಎರಡು ಕೋಟಿಗೆ ಸುಮಾರು 120 ಚದರ ಅಡಿ ಬರುತ್ತದೆ. ಅಂದರೆ ಇಡೀ ಮನೆಗೆ 24 ಲೀಟರ್. ಲೀಟರಿಗೆ 250 ರೂಪಾಯಿಯ ಸಾಧಾರಣ ಬಣ್ಣವಾದರೆ 6,000. ಲೀಟರಿಗೆ 600 ರೂಪಾಯಿಯ ಒಳ್ಳೆಯ ಬಣ್ಣವಾದರೆ 14,400. ವ್ಯತ್ಯಾಸ 8,400, ಅಂದರೆ ಚದರ ಅಡಿಗೆ ಬರೀ ಮೂರು ರೂಪಾಯಿ. ಪ್ರೈಮರಿಗೆ ಮೂರು ನಾಲ್ಕು ಸಾವಿರ, ತೇಪೆಯ ಪಟ್ಟಿಗೆ ಎರಡು ಸಾವಿರ ಹಿಡಿಯಿರಿ. ಉಳಿದದ್ದು ಕೂಲಿ. ಇಬ್ಬರು ಕೆಲಸಗಾರರು, ಒಬ್ಬ ಸಹಾಯಕ, ಹನ್ನೊಂದು ದಿನ. ದಿನಕ್ಕೆ ಮೂವರಿಗೂ ಸೇರಿ 2,700 ಎಂದರೂ 29,700 ಆಯಿತು. ಇದರ ಮೇಲೆ ಮೇಸ್ತ್ರಿಯ ಲಾಭ, ಕುಂಚ, ಉಪ್ಪುಕಾಗದ, ಏಣಿ, ಓಡಾಟ. ಮಧ್ಯಮ ದರ್ಜೆಯ ಬಣ್ಣ ಹಿಡಿದರೆ ಹತ್ತಿರ ಹತ್ತಿರ 50,000, ಅಡಿಗೆ ಹದಿನೆಂಟು ರೂಪಾಯಿ.

ಹೀಗಿರುವಾಗ ‘ಅಡಿಗೆ ಹತ್ತು ರೂಪಾಯಿಗೆ ಎಮಲ್ಷನ್ ಮಾಡಿಕೊಡುತ್ತೇನೆ’ ಎಂದವರು ಎಲ್ಲಿ ಉಳಿಸುತ್ತಾರೆ? ಬಣ್ಣದಲ್ಲಿ ಉಳಿಸುವುದು ಮೂರು ರೂಪಾಯಿ ಮಾತ್ರ. ಮಿಕ್ಕಿದ್ದನ್ನು ದಿನಗಳಲ್ಲಿ ಉಳಿಸಬೇಕು. ಹನ್ನೊಂದು ದಿನದ ಕೆಲಸ ಐದು ದಿನಕ್ಕೆ ಮುಗಿಯಬೇಕು. ಅಂದರೆ ಕೆರೆಯುವುದು, ಪಟ್ಟಿ, ಉಜ್ಜುವುದು, ಪ್ರೈಮರ್, ಇವುಗಳಲ್ಲಿ ಒಂದೆರಡು ಹಾರಿಹೋಗಬೇಕು. ಹಾರಿಹೋದದ್ದು ಕೊನೆಯ ಕೋಟಿನ ಕೆಳಗೆ ಮುಚ್ಚಿಹೋಗುತ್ತದೆ. ಮೊದಲ ದಿನ ಎರಡೂ ಗೋಡೆ ಒಂದೇ ತರಹ ಹೊಳೆಯುತ್ತವೆ.

ಒಂದೇ ತರಹ ಕಾಣುವುದೇಕೆ ಎಂಬುದಕ್ಕೆ ಸ್ವಲ್ಪ ಭೌತವಿಜ್ಞಾನ ಹೇಳಲು ಅನುಮತಿ ಕೊಡಿ, ಬಿಎಸ್ಸಿ ಓದಿದ್ದು ಎಲ್ಲಾದರೂ ಉಪಯೋಗಕ್ಕೆ ಬರಬೇಕಲ್ಲ. ಸುಣ್ಣ ಹೊಡೆದದ್ದನ್ನು ನೀವು ನೋಡಿರುತ್ತೀರಿ. ಹಸಿಯಿದ್ದಾಗ ನೀರು ಚೆಲ್ಲಿದಂತೆ ಮಂಕಾಗಿದ್ದು, ಒಣಗುತ್ತಾ ಅಚ್ಚ ಬಿಳಿಯಾಗುತ್ತದೆ. ಬೆಳಕು ಒಂದು ವಸ್ತುವಿನಿಂದ ಇನ್ನೊಂದಕ್ಕೆ ಹೋಗುವಾಗ ಅವೆರಡರ ವಕ್ರೀಭವನ ಸೂಚ್ಯಂಕದಲ್ಲಿ ವ್ಯತ್ಯಾಸ ಹೆಚ್ಚಿದಷ್ಟೂ ಹೆಚ್ಚು ಚದುರುತ್ತದೆ. ಚದುರಿದ ಬೆಳಕೇ ಬಿಳುಪು. ಸುಣ್ಣದ ಕಣದ್ದು ಸುಮಾರು 1.6, ನೀರಿನದು 1.33, ಗಾಳಿಯದು 1. ನೀರು ಆರಿ ಅದರ ಜಾಗಕ್ಕೆ ಗಾಳಿ ಬಂದಾಗ ವ್ಯತ್ಯಾಸ ಹೆಚ್ಚಿ ಗೋಡೆ ಬೆಳ್ಳಗಾಗುತ್ತದೆ. ಒಳ್ಳೆಯ ಎಮಲ್ಷನ್‌ನಲ್ಲಿ ಬಿಳುಪು ಕೊಡುವುದು ಟೈಟಾನಿಯಂ ಡೈಆಕ್ಸೈಡ್. ಅದರ ಸೂಚ್ಯಂಕ 2.7ರ ಹತ್ತಿರ. ಅದನ್ನು ಹಿಡಿದಿಡುವ ಅಂಟು, ಅಂದರೆ ರಾಳದ್ದು, 1.5. ಕಣಗಳ ಸುತ್ತ ಅಂಟು ತುಂಬಿಕೊಂಡಿದ್ದರೂ ಗೋಡೆ ಮುಚ್ಚುವಷ್ಟು ಬೆಳಕು ಚದುರುತ್ತದೆ.

ಟೈಟಾನಿಯಂ ಡೈಆಕ್ಸೈಡ್ ದುಬಾರಿ, ರಾಳವೂ ದುಬಾರಿ. ಅಗ್ಗದ ಬಣ್ಣದಲ್ಲಿ ಎರಡನ್ನೂ ಕಡಿಮೆ ಮಾಡಿ ಸುಣ್ಣಕಲ್ಲಿನ ಪುಡಿ ಹೆಚ್ಚು ಹಾಕಿರುತ್ತಾರೆ. ಅಂಟು ಸಾಲದ್ದರಿಂದ ಒಣಗಿದ ಪದರದಲ್ಲಿ ಕಣಗಳ ನಡುವೆ ಗಾಳಿ ಉಳಿಯುತ್ತದೆ. ಆ ಗಾಳಿಯೇ ಬಿಳುಪು ಕೊಡುತ್ತದೆ! ಆದ್ದರಿಂದ ಮೊದಲ ದಿನ ಅದೂ ಚೆಂದವೇ. ಆದರೆ ಆ ಗಾಳಿಯ ಕಿಂಡಿಗಳಲ್ಲೇ ಕೊಳೆ, ಎಣ್ಣೆ, ನೀರು ಸೇರುತ್ತವೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕಪ್ಪು ಮಚ್ಚೆ ಕಾಣುತ್ತದೆ, ಬೆನ್ನು ಒರಗಿಸಿದರೆ ಅಂಗಿಗೆ ಪುಡಿ ಹತ್ತುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಆ ಮೂರು ರೂಪಾಯಿ ಹೆಚ್ಚು ಕೊಡುವುದೇ ಲಾಭ ಎಂದು ನನ್ನ ಅಭಿಪ್ರಾಯ. ತಾರಸಿಯ ಒಳಮೈಯನ್ನು ಯಾರೂ ಮುಟ್ಟುವುದಿಲ್ಲವಾದ್ದರಿಂದ ಅಲ್ಲಿಗೆ ಸಾಧಾರಣ ಬಣ್ಣ ಸಾಕು.

ಬಣ್ಣದ ಕಂಪೆನಿ ಯಾವುದು ಎಂಬ ಚರ್ಚೆಯಲ್ಲಿ ನಾನು ಹೆಚ್ಚು ಸಮಯ ಕಳೆಯುವುದಿಲ್ಲ. ಒಂದು ಮಾತು ತಿಳಿದಿರಲಿ. ಕೆಲವು ಡಬ್ಬಗಳೊಳಗೆ ಪೇಂಟರಿಗೆಂದೇ ಟೋಕನ್ ಇಟ್ಟಿರುತ್ತಾರೆ. ‘ಇದೇ ಕಂಪೆನಿಯದು ತನ್ನಿ’ ಎಂಬ ಒತ್ತಾಯದ ಹಿಂದೆ ಅನುಭವವೂ ಇರಬಹುದು, ಟೋಕನ್ನೂ ಇರಬಹುದು. (ಬಣ್ಣದ ಕಾರ್ಖಾನೆ ಎಂದಾಗ ನೆನಪಾಯಿತು. ಚುನಾವಣೆಯಲ್ಲಿ ನಮ್ಮ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದು ಮೈಸೂರಿನ ಬಣ್ಣದ ಕಾರ್ಖಾನೆಯಲ್ಲಿ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಹುಟ್ಟಿದ ಸಂಸ್ಥೆಯದು. 1962ರಿಂದ ಆ ಶಾಯಿ ಅಲ್ಲಿಯದೇ. ಇಷ್ಟು ಗಟ್ಟಿಯಾದ ಬಣ್ಣ ಗೋಡೆಗೂ ಸಿಕ್ಕಿದ್ದರೆ ಈ ಲೇಖನವೇ ಬೇಕಿರಲಿಲ್ಲ.)

ಅತ್ಯಂತ ಹೆಚ್ಚು ಹಣ ನೀರುಪಾಲಾಗುವುದು ಮಾತ್ರ ಬಣ್ಣದ ಆಯ್ಕೆಯಿಂದಲ್ಲ, ತೇವದಿಂದ. ಹಾಸನದ ಒಬ್ಬ ವೀಕ್ಷಕಿ ಬರೆದಿದ್ದರು: ಮೂರು ವರ್ಷದಲ್ಲಿ ಒಂದೇ ಗೋಡೆಗೆ ಮೂರು ಸಲ ಬಣ್ಣ ಹೊಡೆಸಿದೆ, ಪ್ರತಿ ಸಲವೂ ಹಿಂದಿನದಕ್ಕಿಂತ ದುಬಾರಿಯದು, ಪ್ರತಿ ಮಳೆಗಾಲದ ನಂತರವೂ ಗುಳ್ಳೆ ಎದ್ದು ಉದುರುತ್ತದೆ. ಆ ತಾಯಿಗೆ ನಾವು ಹೇಳಿದ್ದು, ನಾಲ್ಕನೆಯ ಸಲ ಬಣ್ಣದವರನ್ನು ಕರೆಯಬೇಡಿ, ಮೊದಲು ಕೊಳಾಯಿಯವರನ್ನು ಕರೆಸಿ. ಗೋಡೆಯ ಆಚೆ ಬದಿ ಬಚ್ಚಲಿತ್ತು. ಇಟ್ಟಿಗೆ ಮತ್ತು ಗಾರೆ ದೀಪದ ಬತ್ತಿಯಂತೆ ನೀರನ್ನು ಹೀರಿ ಮೇಲೆಳೆಯುತ್ತವೆ. ಆ ನೀರು ಇಟ್ಟಿಗೆ, ಸಿಮೆಂಟುಗಳಲ್ಲಿರುವ ಲವಣವನ್ನು ಕರಗಿಸಿಕೊಂಡು ಗೋಡೆಯ ಮೈಗೆ ಬಂದು ಆರುತ್ತದೆ. ಲವಣ ಅಲ್ಲೇ ಹರಳುಗಟ್ಟಿ ಬಣ್ಣದ ಪದರವನ್ನು ಹಿಂದಿನಿಂದ ತಳ್ಳುತ್ತದೆ. ನೀವು ಕಾಣುವ ಬಿಳಿ ಬೂದಿಯಂಥದು ಅದೇ. ಹಿಂದಿನಿಂದ ಬರುವ ನೀರನ್ನು ಮುಂದೆ ಬಳಿದ ಯಾವ ಬಣ್ಣವೂ ತಡೆಯಲಾರದು, ಡಬ್ಬದ ಮೇಲೆ ಏನೇ ಬರೆದಿರಲಿ. ಸೋರಿಕೆ ನಿಲ್ಲಿಸಿ, ಗೋಡೆ ಒಣಗಲು ಒಂದೆರಡು ತಿಂಗಳು ಬಿಟ್ಟು ಆಮೇಲೆ ಬಣ್ಣ. ಹೊಸ ಗಾರೆಗೂ ಇದೇ ತಾಳ್ಮೆ ಬೇಕು. ಹಸಿ ಸಿಮೆಂಟಿನಲ್ಲಿರುವ ಕ್ಷಾರ ಎಣ್ಣೆ ಆಧಾರದ ಬಣ್ಣವನ್ನು ಅಕ್ಷರಶಃ ಸಾಬೂನಾಗಿಸುತ್ತದೆ. ಸಾಬೂನು ತಯಾರಿಕೆಯಲ್ಲೂ ನಡೆಯುವುದು ಅದೇ ರಾಸಾಯನಿಕ ಕ್ರಿಯೆ. ಗೃಹಪ್ರವೇಶದ ಮುಹೂರ್ತ ಹತ್ತಿರವಿದ್ದರೆ ಸದ್ಯಕ್ಕೆ ಪ್ರೈಮರ್ ಅಥವಾ ತೆಳು ಸುಣ್ಣ ಹೊಡೆಸಿ ಪೂಜೆ ಮುಗಿಸಿ. ಬಣ್ಣ ಮುಂದಿನ ಬೇಸಿಗೆಗೆ ಇರಲಿ.

ಹಳೆಯ ಬಾಗಿಲು ಕಿಟಕಿಗಳ ಎನಾಮೆಲ್ ಕೆರೆಸುವಾಗ ಒಂದು ಎಚ್ಚರಿಕೆ. ಮನೆಗೆ ಬಳಸುವ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಹಸಿರು, ಹಳದಿ, ಕೆಂಪು ಎನಾಮೆಲ್‌ಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಅದರ ಧೂಳು ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ. ಒಣಗಿದ್ದಾಗ ಉಜ್ಜಬೇಡಿ, ನೀರು ಹಾಕಿ ಉಜ್ಜಿಸಿ. ಆ ದಿನಗಳಲ್ಲಿ ಮಕ್ಕಳನ್ನೂ ಗರ್ಭಿಣಿಯರನ್ನೂ ನೆಂಟರ ಮನೆಗೆ ಕಳಿಸಿ. ಉಜ್ಜುವವನಿಗೂ ಮುಖಗವಸು ಕೊಡಿ.

ಒಪ್ಪಂದವನ್ನು ಒಂದು ಹಾಳೆಯಲ್ಲಾದರೂ ಬರೆದುಕೊಳ್ಳಿ. ದರ ಗೋಡೆಯ ಅಡಿಗೋ ನೆಲದ ಅಡಿಗೋ, ತಾರಸಿ ಸೇರಿದೆಯೋ, ತೆರವುಗಳನ್ನು ಹೇಗೆ ಕಳೆಯುತ್ತೀರಿ, ಪಟ್ಟಿ ಇಡೀ ಗೋಡೆಗೋ ತೇಪೆಗೋ, ಪ್ರೈಮರ್ ಇದೆಯೋ, ಎಷ್ಟು ಕೋಟು, ಯಾವ ಕಂಪೆನಿಯ ಯಾವ ಹೆಸರಿನ ಬಣ್ಣ, ಬಾಗಿಲು, ಗ್ರಿಲ್ಲು, ಗೇಟಿಗೆ ಎಷ್ಟು. ಕಂಪೆನಿಯ ಹೆಸರು ಮಾತ್ರ ಬರೆದರೆ ಸಾಲದು, ಒಂದೇ ಕಂಪೆನಿ ಲೀಟರಿಗೆ 250ರದ್ದನ್ನೂ 600ರದ್ದನ್ನೂ ಮಾರುತ್ತದೆ. ಜಿಎಸ್‌ಟಿ ಸೇರಿದೆಯೇ ಎಂದು ಕೇಳಲು ಮರೆಯಬೇಡಿ. ಬಣ್ಣದ ಮೇಲಿನ ತೆರಿಗೆ 2018ರ ಜುಲೈನಲ್ಲಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಅದು ಡಬ್ಬದ ಬೆಲೆಯಲ್ಲೇ ಸೇರಿರುತ್ತದೆ. ಆದರೆ ನೋಂದಾಯಿತ ಗುತ್ತಿಗೆದಾರರು ಕೂಲಿ ಸಾಮಾನು ಸೇರಿದ ಇಡೀ ಮೊತ್ತದ ಮೇಲೆ ಶೇಕಡಾ 18 ಹಾಕುತ್ತಾರೆ. 50,000ದ ಕೆಲಸಕ್ಕೆ ಅದು 9,000. ಮೊದಲೇ ತಿಳಿದಿದ್ದರೆ ಎದೆ ಧಸಕ್ಕೆನ್ನುವುದಿಲ್ಲ.

ಮುಂಗಡ ಕೊಡುವುದು ಸಾಮಾನಿಗೆ ಬೇಕಾಗುವಷ್ಟು. ಡಬ್ಬಗಳು ನಿಮ್ಮೆದುರೇ ಒಡೆಯಲಿ, ಖಾಲಿ ಡಬ್ಬ ಕೆಲಸ ಮುಗಿಯುವವರೆಗೆ ಮನೆಯಲ್ಲೇ ಇರಲಿ. 24 ಲೀಟರ್ ಬೇಕಾದಲ್ಲಿ 14 ಲೀಟರಿನ ಡಬ್ಬ ಮಾತ್ರ ಕಂಡರೆ ಉಳಿದದ್ದು ನೀರು. ನೀರು ಬೆರೆಸುವುದೇ ತಪ್ಪಲ್ಲ, ಎಷ್ಟು ಬೆರೆಸಬೇಕೆಂದು ಡಬ್ಬದ ಮೇಲೆಯೇ ಬರೆದಿರುತ್ತದೆ. ಹೊರಗೋಡೆಗೆ ಹಗ್ಗ, ಸಾರುವೆ ಗಟ್ಟಿಯಾಗಿದೆಯೇ, ಸೊಂಟಕ್ಕೆ ಬೆಲ್ಟ್ ಇದೆಯೇ ನೋಡಿ. ಅದಕ್ಕೆಂದು ಸಾವಿರ ರೂಪಾಯಿ ಹೆಚ್ಚಾದರೆ ಚೌಕಾಸಿ ಮಾಡಬೇಡಿ. ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಬಣ್ಣದ ಕೆಲಸದವರೂ ಹೆಸರು ನೋಂದಾಯಿಸಬಹುದು. ಮಾಡಿಸಿಕೊಳ್ಳದವರಿದ್ದರೆ ಟೀ ಕುಡಿಯುವ ಹೊತ್ತಿನಲ್ಲಿ ಅದನ್ನೂ ಹೇಳಿ.

ಕೊನೆಯ ಕಂತು ಕೊಡುವ ಮೊದಲು ನಮ್ಮ ಸ್ಟುಡಿಯೋದ ಲೈಟ್‌ಬಾಯ್‌ಗಳಿಂದ ಕಲಿತ ಒಂದು ಉಪಾಯ. ಎದುರಿನಿಂದ ಬಿದ್ದ ಬೆಳಕು ಎಲ್ಲವನ್ನೂ ಸಪಾಟಾಗಿ ತೋರಿಸುತ್ತದೆ, ಪಕ್ಕದಿಂದ ಬಿದ್ದ ಬೆಳಕು ಪ್ರತಿ ತಗ್ಗಿಗೂ ನೆರಳು ಕೊಡುತ್ತದೆ. ರಾತ್ರಿ ದೀಪ ಆರಿಸಿ, ಟಾರ್ಚನ್ನು ಗೋಡೆಗೆ ತಾಗಿಸಿ ಹಿಡಿದು ಉದ್ದಕ್ಕೂ ಬೆಳಕು ಬಿಡಿ. ಉಜ್ಜದೆ ಬಿಟ್ಟ ಪಟ್ಟಿ, ಕುಂಚದ ಗೀರು, ಒಂದೇ ಕೋಟು ಬಿದ್ದ ಮೂಲೆ, ಎಲ್ಲ ಎದ್ದು ಕಾಣುತ್ತವೆ. ಸೀಮೆಸುಣ್ಣದಲ್ಲಿ ಗುರುತು ಹಾಕಿಡಿ, ಬೆಳಿಗ್ಗೆ ಮೇಸ್ತ್ರಿಗೆ ತೋರಿಸಿ. ಇದನ್ನು ಪ್ರೈಮರ್ ಹಂತದಲ್ಲೇ ಮಾಡಿದರೆ ಇನ್ನೂ ಒಳ್ಳೆಯದು, ಆಗ ತಿದ್ದುವುದು ಸುಲಭ. ಅಂದಹಾಗೆ, ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಬಣ್ಣ ಆರಿಸಬೇಡಿ. ಗೋಡೆಯ ಮೇಲೆ ಎರಡಡಿ ಚೌಕ ಬಳಿಸಿ ಹಗಲು, ರಾತ್ರಿ ಎರಡೂ ಹೊತ್ತು ನೋಡಿ.

ಕೆಲಸ ಮುಗಿದಾಗ ಪ್ರತಿ ಬಣ್ಣದಲ್ಲೂ ಅರ್ಧ ಲೀಟರನ್ನು ಮುಚ್ಚಳ ಬಿಗಿಯಾಗಿ ಹಾಕಿ ಎತ್ತಿಡಿ. ಡಬ್ಬದ ಮೇಲೆ ಅಂಟಿಸಿರುವ ಬಣ್ಣದ ಕೋಡ್ ಸಂಖ್ಯೆಯನ್ನು ಎಲ್ಲಾದರೂ ಬರೆದುಕೊಳ್ಳಿ, ನಾಳೆ ಮೊಳೆ ಹೊಡೆದ ತೂತು ಮುಚ್ಚಲು ಬೇಕಾಗುತ್ತದೆ. ನಮ್ಮ ಅಪ್ಪ ಅದನ್ನು ಬೀರುವಿನ ಬಾಗಿಲ ಒಳಬದಿಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದಾರೆ. ಕೋಣೆ ಕೋಣೆಯ ಉದ್ದ, ಅಗಲ, ಎತ್ತರ, ಕೆಳಗೆ ಗೆರೆ ಎಳೆದು ಒಟ್ಟು 2,790. ಮೇಸ್ತ್ರಿಯೊಂದಿಗೆ ರಾಜಿಯಾದ 2,800ನ್ನು ಅವರು ಬರೆದಿಲ್ಲ.